ಮಿಲ್ಟ್ರಿ ಅಜ್ಜ ಯಾವ ದಡದವನು?

ಕೊಪ್ಪಳದಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ಅಲ್ಲಿ ಒಂದು ಮನೆಗೆ ‘ಮಿಲ್ಟ್ರಿಯವರ ಮನಿ’ ಅಂತಲೇ ಹೆಸರು. ಈಗ ಆ ಮನೆಯಲ್ಲಿ ಮಿಲಿಟರಿ ಸೇರಿದವರು ಯಾರೂ ಇಲ್ಲ. ದೊಡ್ಡ ಮೊಮ್ಮಗ ಕೊಪ್ಪಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಚಿಕ್ಕವನು ಹೊಲ ನೋಡಿಕೊಳ್ಳುತ್ತಾನೆ. ಆದರೂ ಮದುವೆ ಕಾರ್ಡು ಹಂಚುವವರು ಕೂಡ ಹೊರಗೆ ನಿಂತು ‘ಮಿಲ್ಟ್ರಿಯವರ ಮನಿ ಇದ ಏನ್ರಿ’ ಅಂತಲೇ ಕೇಳುತ್ತಾರೆ.

ಅಂಗಡಿಯವನು ಒಂದು ಆಗಸ್ಟ್ ತಿಂಗಳ ಕೊನೆಗೆ ನನ್ನ ಹತ್ತಿರ ಬಂದ. ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ದೂಳು ತಿಂದವನು. ನಿವೃತ್ತಿ ಆದ ಮೇಲೂ ಹಳೆ ಕಾಗದ ಓದಿಸಿಕೊಳ್ಳಲು ಜನ ಬರುತ್ತಾರೆ. ಪ್ಲಾಸ್ಟಿಕ್ ಚೀಲದಿಂದ ಮೂರು ವಸ್ತು ತೆಗೆದು ಮೇಜಿನ ಮೇಲಿಟ್ಟ. ಒಂದು ಫೋಟೋ: ಸಮವಸ್ತ್ರ, ರುಮಾಲು, ಕಾಲಿಗೆ ಪಟ್ಟಿ, ಬಿಗಿದ ಮೀಸೆ. ಒಂದು ಬಿಲ್ಲೆ, ಅಂದರೆ ಪದಕ. ಒಂದು ಉರ್ದು ಕಾಗದ, ನಾಲ್ಕು ಮಡಿಕೆಯ ಜಾಗದಲ್ಲಿ ಹರಿದದ್ದು.

‘ನಮ್ಮ ಅಜ್ಜ ಮಿಲ್ಟ್ರಿಯಾಗ ಇದ್ದನ್ರೀ. ರಜಾಕಾರರ ಜೋಡಿ ಹೊಡೆದಾಡ್ಯಾನ. ಹದಿನೇಳನೇ ತಾರೀಖಿಗೆ ಎಲ್ಲಾರ ಹೆಸರೂ ಓದ್ತಾರ, ನಮ್ಮಜ್ಜಂದು ಓದಂಗಿಲ್ಲ. ಏನರ ದಾಖಲೆ ಸಿಗತದೇನ್ರಿ?’

ಸೆಪ್ಟೆಂಬರ್ 17ರ ಮಾತು ಅದು. 1948ರಲ್ಲಿ ನಿಜಾಮ ಆಳುತ್ತಿದ್ದ ಹೈದರಾಬಾದ್ ರಾಜ್ಯ ಭಾರತ ಸೇರಿದ ದಿನ. ರಜಾಕಾರರು ಅಂದರೆ ನಿಜಾಮನ ಪರ ಬಂದೂಕು ಹಿಡಿದ ಖಾಸಗಿ ಪಡೆಯವರು. ನಮ್ಮ ಕಡೆ ಆಗಸ್ಟ್ 15ಕ್ಕಿಂತ ಅದರ ನೆನಪೇ ಜಾಸ್ತಿ.

ಮಧ್ಯೆ ಬೇರೆ ಮಾತೂ ಇತ್ತು. ಓಣಿಯ ಕೆಲವರು ‘ಅವರಜ್ಜ ನಿಜಾಮನ ಪಗಾರ ತಿಂದಾಂವ’ ಅನ್ನುತ್ತಿದ್ದರಂತೆ. ಮೊಮ್ಮಗ ಅದನ್ನು ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ. ಮುಖ್ಯವಾದ ಮಾತನ್ನು ಜನ ಯಾವಾಗಲೂ ಚಪ್ಪಲಿ ಮೆಟ್ಟಿಕೊಳ್ಳುವಾಗಲೇ ಹೇಳುತ್ತಾರೆ.

ಇಂಥ ಹುಡುಕಾಟದಲ್ಲಿ ಎಲ್ಲರೂ ಮೊದಲು ಕೇಳುವುದು ‘ಯಾವ ರೆಜಿಮೆಂಟು’ ಅಂತ. ನಮ್ಮ ಭಾಗದಲ್ಲಿ ಅದಕ್ಕಿಂತ ಮೊದಲು ‘ಯಾವ ದಡ’ ಅಂತ ಕೇಳಬೇಕು. 1947ರ ಕೊಪ್ಪಳವನ್ನು ಈಗಿನ ನಕಾಶೆ ಇಟ್ಟುಕೊಂಡು ನೋಡಿದರೆ ಏನೂ ತಿಳಿಯುವುದಿಲ್ಲ. ಕೊಪ್ಪಳ ಆಗ ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಾಗೀರು. ಪಕ್ಕದ ಕುಷ್ಟಗಿ, ಗಂಗಾವತಿ ರಾಯಚೂರು ಜಿಲ್ಲೆಗೆ ಸೇರಿ ನೇರ ನಿಜಾಮ ಸರ್ಕಾರದ ಕೈಯಲ್ಲಿದ್ದವು. ತುಂಗಭದ್ರೆ ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪಶ್ಚಿಮಕ್ಕೆ ಹೋದರೆ ಮುಂಡರಗಿ, ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಇವತ್ತು ಬಸ್ಸಿನಲ್ಲಿ ಒಂದೊಂದು ತಾಸಿನ ದಾರಿ, ಅಷ್ಟರಲ್ಲಿ ಮೂರು ಸರ್ಕಾರ. ಕಾಗದಗಳೂ ಹಾಗೇ ಮೂರು ದಿಕ್ಕಿಗೆ ಹೋಗಿವೆ. ನಿಜಾಮನ ಕಾಲದ್ದು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ, ಮದ್ರಾಸಿನದ್ದು ಚೆನ್ನೈನ ಎಗ್ಮೋರಿನಲ್ಲಿ, ಮುಂಬಯಿಯದ್ದು ಮುಂಬಯಿಯಲ್ಲಿ.

ಇನ್ನು ಆ ಒಂದು ವರ್ಷ, ಅಂದರೆ 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ, ಬಂದೂಕು ಹಿಡಿದವರು ಎಷ್ಟು ಬಗೆ ನೋಡಿ. ಮೇಜರ್ ಜನರಲ್ ಎಲ್ ಎದ್ರೂಸ್ ಕೈಕೆಳಗೆ ನಿಜಾಮನ ಕಾಯಂ ಸೈನ್ಯ. ಅದರ ಹೊರಗೆ ಅರಬರು, ರೋಹಿಲರು ಇದ್ದ ಬೇಕಾಯ್ದಾ ಫೌಜು. ಜಿಲ್ಲೆಗಳ ಪೊಲೀಸು, ಅದಕ್ಕೆ ‘ಕೊತವಾಲಿ ಅಜ್ಲಾ’ ಅಂತ ಹೆಸರು. ಕಾಸಿಂ ರಜವಿಯ ರಜಾಕಾರರು. ಎದುರುಗಡೆ, ರಾಜ್ಯ ಭಾರತ ಸೇರಬೇಕು ಅಂತ ಹೋರಾಡಿದವರ ಗಡಿ ಶಿಬಿರಗಳು: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಕೊನೆಗೆ ಸೆಪ್ಟೆಂಬರ್ 13ಕ್ಕೆ ಒಳಗೆ ಬಂದ ಭಾರತದ ಸೈನ್ಯ, ಹೊಸಪೇಟೆ ಕಡೆಯಿಂದ ಅದರ ಜೊತೆ ಮೈಸೂರಿನ ಪದಾತಿ ದಳ. ‘ಅಜ್ಜ ಬಂದೂಕು ಹಿಡಿದಿದ್ದ’ ಅಂದರೆ ಇವುಗಳಲ್ಲಿ ಯಾವುದು? ಮೊಮ್ಮಕ್ಕಳ ಕಾಲಕ್ಕೆ ಎಲ್ಲಾ ಸೇರಿ ‘ಮಿಲ್ಟ್ರಿ’ ಆಗಿಬಿಟ್ಟಿರುತ್ತದೆ.

ಉರ್ದು ಕಾಗದವನ್ನು ಮನೆಯವರು ಮೊದಲೇ ಒಬ್ಬ ಹಿರಿಯರಿಗೆ ತೋರಿಸಿದ್ದರು. ಅವರು ಕುರಾನ್ ಓದಿಸುವವರು, ಒಳ್ಳೆಯವರು. ಆದರೆ ಕಚೇರಿ ಕಾರಕೂನರ ಗೀಚು ಉರ್ದು ಬೇರೆ ಜಾತಿ, ಚುಕ್ಕಿ ಇರುವುದಿಲ್ಲ, ಅಕ್ಷರಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿರುತ್ತವೆ. ಅವರು ಮೇಲಿನ ಎರಡು ಸಾಲು, ಒಂದು ಮೊಹರು, ಕೆಳಗಿನ ಇಸವಿ ಓದಿ ‘1357’ ಅಂದರು. ಹಿಜರಿ 1357 ಅಂದರೆ 1938. ಆ ವರ್ಷ ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ನಡೆದಿತ್ತು, ಆರ್ಯ ಸಮಾಜದ್ದೂ ಶುರುವಾಗಿತ್ತು. ಮೊಮ್ಮಗ ಅದನ್ನು ಎಲ್ಲೋ ಓದಿ, ಅಜ್ಜ 1938ರ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ, ಇದು ಬಿಡುಗಡೆ ಕಾಗದ ಅಂತ ತೀರ್ಮಾನಿಸಿದ್ದ. ಎಲ್ಲಾ ಚೆಂದವಾಗಿ ಕೂತಿತ್ತು. ಇಷ್ಟು ಚೆಂದವಾಗಿ ಕೂತರೆ ನನಗೆ ಅನುಮಾನ.

ನಿಜಾಮನ ಕಚೇರಿ ಕಾಗದದಲ್ಲಿ ಇರುವುದು ಹಿಜರಿ ಅಲ್ಲ, ಫಸಲಿ, ಅಂದರೆ ಕಂದಾಯದ ವರ್ಷ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. 1357ಕ್ಕೆ ಕೂಡಿಸಿದರೆ 1947. ಇದರಲ್ಲೂ ಒಂದು ತೊಡಕಿದೆ. ಹೊಳೆಯಾಚೆ ಬಳ್ಳಾರಿಯಲ್ಲೂ ಫಸಲಿ ಇತ್ತು, ಆದರೆ ಮದ್ರಾಸಿನವರ ವರ್ಷ ಜುಲೈ 1ಕ್ಕೆ ಶುರು. ನಿಜಾಮನದು ಅಕ್ಟೋಬರ್ ಮೊದಲ ವಾರಕ್ಕೆ. ಒಂದೇ ‘ಫಸಲಿ 1357’ ಹೊಸಪೇಟೆಯಲ್ಲಿ 1947ರ ಜುಲೈಗೆ ಹುಟ್ಟಿದರೆ ಕೊಪ್ಪಳದಲ್ಲಿ ಮೂರು ತಿಂಗಳು ತಡವಾಗಿ ಹುಟ್ಟುತ್ತದೆ. ತಿಂಗಳ ಹೆಸರು ಇರಾನಿನವು: ಆಜರ್, ದೈ, ಬಹಮನ್, ಹೀಗೆ. ಕಾಗದದಲ್ಲಿ ಬಹಮನ್ ಅಂತಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇರಾನಿನ ಬಹಮನ್ ಸಿಗುತ್ತದೆ, ಅದು ಜನವರಿ ಕೊನೆಗೆ ಶುರುವಾಗುವುದು. ನಿಜಾಮನ ವರ್ಷ ಆಜರ್‌ನಿಂದ ಶುರುವಾಗುವ ಕಾರಣ ಅಲ್ಲಿ ಬಹಮನ್ ಮೂರನೆಯ ತಿಂಗಳು, ಅಂದರೆ ಡಿಸೆಂಬರ್. ಹಾಗೆ ಕಾಗದ 1938ರಿಂದ ಎದ್ದು 1947ರ ಡಿಸೆಂಬರಿಗೆ ಬಂತು. ನವೆಂಬರ್ 29ಕ್ಕೆ ನಿಜಾಮನಿಗೂ ಭಾರತಕ್ಕೂ ಯಥಾಸ್ಥಿತಿ ಒಪ್ಪಂದ ಆಗಿತ್ತು. ಅದರ ಮರುತಿಂಗಳು.

ಹಳೆ ಉರ್ದು ಓದಬಲ್ಲ ನನ್ನ ಹಿಂದಿನ ಸಹೋದ್ಯೋಗಿಯೊಬ್ಬರು ರಾಯಚೂರಿನಲ್ಲಿದ್ದಾರೆ. ಅವರಿಗೆ ಫೋಟೋ ತೆಗೆದು ಕಳಿಸಿದೆ. ಸಂಜೆಗೆ ಫೋನ್ ಬಂತು. ‘ಜೈಲೂ ಇಲ್ಲ, ಗೀಲೂ ಇಲ್ಲ. ಇದು ರುಖ್ಸತ್ ಚೀಟಿ.’ ರಜೆ ಚೀಟಿ! ಕುಷ್ಟಗಿ ಕಡೆಯ ಒಂದು ಠಾಣೆಯ ಜವಾನನಿಗೆ, ಅಂದರೆ ಪೊಲೀಸಿಗೆ, ತಾಯಿಯ ಕಾಯಿಲೆ ಕಾರಣಕ್ಕೆ ಹತ್ತು ದಿನದ ರಜೆ. ಕೊತವಾಲಿ ಅಜ್ಲಾದ ಮೊಹರು. ಜವಾನನ ನಂಬರು.

ಆ ನಂಬರು ಕೇಳಿದಾಗ ಮತ್ತೆ ಫೋಟೋ ಹತ್ತಿರ ಹೋದೆ. ಬೆಲ್ಟಿನ ಹಿತ್ತಾಳೆ ಬಿಲ್ಲೆಯ ಮೇಲೆ ಏನೋ ಗೀರು ಇದ್ದವು. ಮನೆಯವರು ಎಪ್ಪತ್ತು ವರ್ಷದಿಂದ ಅದನ್ನು ಬಳ್ಳಿ ಡಿಸೈನ್ ಅಂದುಕೊಂಡಿದ್ದರು. ಉರ್ದು ಅಂಕಿಯಲ್ಲಿ ಏಳು ಅಂದರೆ ಬಾಯಿ ತೆರೆದ ಚಿಮ್ಮಟ, ಎಂಟು ಅಂದರೆ ಅದೇ ಚಿಮ್ಮಟ ಬೋರಲು. ಝೆರಾಕ್ಸ್ ಅಂಗಡಿಯವನಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೇನು, ಬೆಲ್ಟಿನ ಭಾಗ ಮಾತ್ರ ಹಿಗ್ಗಿಸಿ ತಂದ. ಚೀಟಿಯ ನಂಬರೂ ಬೆಲ್ಟಿನ ನಂಬರೂ ಒಂದೇ.

ಮೊಮ್ಮಗನ ಮುಖ ಇಳಿಯಿತು. ಫೋಟೋದಲ್ಲಿರುವವನು ನಿಜಾಮನ ಪೊಲೀಸು. ‘ಹಿಂದೂ ಆಗಿ ನಿಜಾಮನ ಪೊಲೀಸನಾಗ ಇದ್ನಾ?’ ಅಂದ. ಇದ್ದರು, ಬೇಕಾದಷ್ಟು ಜನ ಇದ್ದರು. ಪಗಾರ ಕೊಡುವ ಸರ್ಕಾರ ಅದೊಂದೇ ಇತ್ತಲ್ವಾ. ಆಗಿನ ಜಗಳವನ್ನು ಹೆಸರು ನೋಡಿ ಈ ಕಡೆ ಆ ಕಡೆ ಹಂಚಲು ಆಗುವುದಿಲ್ಲ. ರಾಜ್ಯ ಭಾರತ ಸೇರಬೇಕು ಅಂತ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದವರು ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ಇದನ್ನು ಅವನಿಗೆ ಹೇಳಿದೆ. ಸಮಾಧಾನ ಆದಂತೆ ಕಾಣಲಿಲ್ಲ.

ಉಳಿದದ್ದು ಪದಕ. ಒಂದು ಕಡೆ ಆರನೇ ಜಾರ್ಜನ ತಲೆ, ಇನ್ನೊಂದು ಕಡೆ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ. ಇದು ಎರಡನೇ ಮಹಾಯುದ್ಧದ ‘ವಾರ್ ಮೆಡಲ್ 1939–45’. ಇಪ್ಪತ್ತೆಂಟು ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆ ಕೊಟ್ಟದ್ದು, ಹಾಗಾಗಿ ಅಪರೂಪವೇನಲ್ಲ. ಮುಖಕ್ಕಿಂತ ಅಂಚು ಮುಖ್ಯ. ಭಾರತೀಯ ಸೈನಿಕರಿಗೆ ಕೊಟ್ಟ ಎಷ್ಟೋ ಪದಕಗಳ ಅಂಚಿನ ಸುತ್ತ ನಂಬರು, ದರ್ಜೆ, ಹೆಸರು, ದಳದ ಗುರುತು ಒತ್ತಿರುತ್ತಾರೆ.

ಈ ಮನೆಯಲ್ಲಿ ಪ್ರತಿ ಮಹಾನವಮಿಗೆ ಕುಡಗೋಲು, ಕೊಡಲಿ ಜೊತೆ ಬಿಲ್ಲೆಗೂ ಪೂಜೆ. ಪೂಜೆಗೆ ಮುಂಚೆ ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕುವುದು. ಎಪ್ಪತ್ತು ಮಹಾನವಮಿ ಆದ ಮೇಲೆ ಅಂಚಿನಲ್ಲಿ ಏನುಳಿಯುತ್ತದೆ? ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ದಯವಿಟ್ಟು ತಿಕ್ಕಬೇಡಿ. ಮೊಬೈಲ್ ಟಾರ್ಚನ್ನು ಅಡ್ಡ ಹಿಡಿದು ನೋಡಿದೆವು, ಅರ್ಧ ಕಂಡಿತು. ಆಮೇಲೆ ಮನೆಯಾಕೆ ಚಪಾತಿಗೆ ಕಲಸಿಟ್ಟಿದ್ದ ಕಣಕದ ಒಂದು ಉಂಡೆ ಇಸಿದುಕೊಂಡು, ಹಲಗೆಯ ಮೇಲೆ ತಟ್ಟಿ, ಬಿಲ್ಲೆಯನ್ನು ಚಕ್ರದ ಹಾಗೆ ಅದರ ಮೇಲೆ ಉರುಳಿಸಿದೆ. ಹಿಟ್ಟಿನಲ್ಲಿ ಅಕ್ಷರ ಉಬ್ಬಿ ನಿಂತವು, ತಿರುಗಾಮುರುಗಾ. ಕನ್ನಡಿ ಹಿಡಿದು ಓದಿದೆವು. ಒಂದು ನಂಬರು. ‘ಎಸ್‌ಪಿಆರ್’, ಅಂದರೆ ಸ್ಯಾಪರ್. ಆಮೇಲೆ ಹೆಸರು. ಹೆಸರಿನ ಮೊದಲ ‘ಹ’ ಹಾರಿಹೋಗಿತ್ತು. ತಿಕ್ಕಿ ಸವೆದದ್ದಲ್ಲ, ಒತ್ತಿರಲೇ ಇಲ್ಲ, ಮೊದಲ ಅಕ್ಷರ ಇಂಗ್ಲಿಷಿನ ‘ಎ’. ದಳದ ತಮಿಳು ಕಾರಕೂನನ ಕಿವಿಗೆ ಹಾಗೇ ಕೇಳಿಸಿರಬೇಕು ಅಂದುಕೊಂಡೆ. ನಮ್ಮ ಕಡೆಯವರೂ ‘ಹ’ವನ್ನು ನುಂಗುವುದರಲ್ಲಿ ಕಮ್ಮಿಯಿಲ್ಲ.

ಮೊಮ್ಮಗ ಇದಕ್ಕೂ ಒಂದು ಥಿಯರಿ ಇಟ್ಟುಕೊಂಡಿದ್ದ. ಯುದ್ಧದಲ್ಲಿ ‘19ನೇ ಹೈದರಾಬಾದ್ ರೆಜಿಮೆಂಟ್’ ಇತ್ತು, ಅಜ್ಜ ಅದರಲ್ಲಿದ್ದ ಅಂತ. ಈ ಗುಂಡಿಗೆ ಬೀಳುವವರು ಬಹಳ. ಆ ರೆಜಿಮೆಂಟಿನ ಹೆಸರು ಹಳೆಯ ಹೈದರಾಬಾದ್ ಕಂಟಿಂಜೆಂಟಿನಿಂದ ಬಂದದ್ದು ನಿಜ. ಆದರೆ ಯುದ್ಧದ ಹೊತ್ತಿಗೆ ಅದು ಬ್ರಿಟಿಷ್ ಭಾರತದ ಸೈನ್ಯದ ಭಾಗ, ಅದರಲ್ಲಿ ಇದ್ದವರು ಹೆಚ್ಚಾಗಿ ಕುಮಾಂವಿನವರು, ಜಾಟರು, ಅಹೀರರು. 1945ರ ಅಕ್ಟೋಬರ್ 27ಕ್ಕೆ ಹೆಸರೂ ಬದಲಾಗಿ ಕುಮಾಂವ್ ರೆಜಿಮೆಂಟ್ ಆಯಿತು. ನಿಜಾಮನ ಸ್ವಂತ ಸೈನ್ಯ ಬೇರೆಯೇ, ಅದರ ಒಂದು ಪದಾತಿ ದಳ 1941ರ ಡಿಸೆಂಬರಿನಲ್ಲಿ ಜಪಾನಿಯರು ಮಲಯಾದ ಕೋಟಾ ಭಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣ ಕಾಯುತ್ತಿತ್ತು. ನಮ್ಮ ಬಿಲ್ಲೆ ಇವೆರಡರದ್ದೂ ಅಲ್ಲ. ಸ್ಯಾಪರ್ ಅಂದರೆ ಸೇತುವೆ ಕಟ್ಟುವವ, ಸಿಡಿಮದ್ದು ಇಡುವವ. ದಕ್ಷಿಣದವರಾದರೆ ಬಹುತೇಕ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್.

ಅವರ ರೆಕಾರ್ಡ್ ಆಫೀಸಿಗೆ ನಂಬರು ಬರೆದು ಕಾಗದ ಹಾಕಿದೆವು. ಇಲ್ಲಿ ಒಂದು ವಿಷಯ ತಿಳಿದಿರಲಿ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸಿಪಾಯಿಯ ಪೂರ್ತಿ ಕಡತ, ಅಂದರೆ ಶೀಟ್ ರೋಲ್, 25 ವರ್ಷದ ನಂತರ ನಾಶ ಮಾಡುವುದು ಸೈನ್ಯದ ನಿಯಮ. ‘ದಾಖಲೆ ನಾಶವಾಗಿದೆ’ ಅಂತ ಉತ್ತರ ಬಂದ ತಕ್ಷಣ ಜನ ಕೈಚೆಲ್ಲುತ್ತಾರೆ. ಆದರೆ ಲಾಂಗ್ ರೋಲ್ ಅಂತ ಒಂದು ಪುಸ್ತಕ ಇರುತ್ತದೆ, ಅದನ್ನು ಉಳಿಸಿಕೊಳ್ಳುತ್ತಾರೆ. ಅದರಲ್ಲಿ ಒಬ್ಬೊಬ್ಬನಿಗೆ ಒಂದೇ ಸಾಲು. ಕಾಗದದಲ್ಲಿ ‘ಶೀಟ್ ರೋಲ್ ಇಲ್ಲದಿದ್ದರೆ ಲಾಂಗ್ ರೋಲಿನ ವಿವರ ಕೊಡಿ’ ಅಂತ ಮೊದಲೇ ಬರೆದುಬಿಡಬೇಕು. ಬರೆದಿದ್ದೆವು, ಸಾಲು ಬಂತು. 1942ರಲ್ಲಿ ಭರ್ತಿ, 1946ರಲ್ಲಿ ಬಿಡುಗಡೆ, ತಂದೆಯ ಹೆಸರು ಸರಿ. ಊರು ಮಾತ್ರ ತಪ್ಪು. ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ.

ಇಷ್ಟು ಕೈಗೆ ಬಂದಾಗ ನಾನೊಂದು ಕತೆ ಕಟ್ಟಿದೆ. ಅಜ್ಜ 1942ಕ್ಕೆ ಸ್ಯಾಪರ್ ಆದ. 1946ಕ್ಕೆ ವಾಪಸ್ ಬಂದ, ಕೆಲಸ ಇಲ್ಲ, ಕುಷ್ಟಗಿ ಕಡೆ ನಿಜಾಮನ ಪೊಲೀಸ್ ಸೇರಿದ. 1947ರ ಡಿಸೆಂಬರಿನಲ್ಲಿ ತಾಯಿಗೆ ಹುಷಾರಿಲ್ಲ ಅಂತ ರಜೆ ಹಾಕಿ ಬಂದವನು ಹಾಗೇ ಮುಂಡರಗಿ ಶಿಬಿರಕ್ಕೆ ಓಡಿದ. ಫೋಟೋ, ಬಿಲ್ಲೆ, ಚೀಟಿ, ಮನೆಯ ಮಾತು, ಓಣಿಯ ಮಾತು, ಎಲ್ಲಾ ಅದರೊಳಗೆ ಹಿಡಿಸಿದವು. ಮೊಮ್ಮಗನಿಗೆ ಖುಷಿಯೋ ಖುಷಿ. ನಾನೂ ಎರಡು ದಿನ ಉಬ್ಬಿಕೊಂಡು ಓಡಾಡಿದೆ.

ಮೂರನೇ ದಿನ ರಾಯಚೂರಿನ ಗೆಳೆಯರು ಮತ್ತೆ ಫೋನ್ ಮಾಡಿದರು. ಮಡಿಕೆಯಲ್ಲಿ ಹರಿದ ಸಾಲನ್ನು ಅವರು ಮೊದಲು ಬಿಟ್ಟಿದ್ದರಂತೆ. ‘ಜವಾನನ ನೌಕರಿ ಹನ್ನೊಂದು ವರ್ಷ ಅಂತ ಬರೆದಾರ’ ಅಂದರು. 1947ಕ್ಕೆ ಹನ್ನೊಂದು ವರ್ಷ ಅಂದರೆ ಸೇರಿದ್ದು 1936ರ ಸುಮಾರಿಗೆ. 1942ರಿಂದ 46ರವರೆಗೆ ಒಬ್ಬನೇ ಮನುಷ್ಯ ಕುಷ್ಟಗಿ ಠಾಣೆಯಲ್ಲೂ ಬೆಂಗಳೂರಿನ ಸ್ಯಾಪರ್ಸ್‌ನಲ್ಲೂ ಹೇಗಿರುತ್ತಾನೆ?

ಆಗ ನನ್ನ ಕಸುಬು ನನಗೆ ನೆನಪಾಯಿತು, ಅದೂ ತಡವಾಗಿ. ಸೈನಿಕನನ್ನು ಸೈನ್ಯದ ಕಾಗದದಲ್ಲೇ ಹುಡುಕುತ್ತಾ ಕೂತಿದ್ದೆ. ಅವನು ಮೊದಲು ರೈತ. ಹಳೆ ಹೈದರಾಬಾದ್ ಸೀಮೆಗೆ 1954–55ರ ಖಾಸ್ರಾ ಪಹಣಿ ಅಂತ ಇದೆ. ಯಾರ ಹೆಸರಿನಲ್ಲಿ ಹೊಲ, ಯಾರು ಉಳುತ್ತಿದ್ದಾರೆ ಅಂತ ಸರ್ವೆ ನಂಬರಿನ ಪ್ರಕಾರ ಬರೆದದ್ದು. ನಕಲು ತೆಗೆಸಿದೆ. ಮನೆಯ ಹೊಲದ ಎದುರು ಎರಡು ಹೆಸರು. ಎರಡೂ ಹೆಚ್ಚುಕಮ್ಮಿ ಒಂದೇ ಹೆಸರು, ಎರಡಕ್ಕೂ ‘ವಲ್ದ್’, ಅಂದರೆ ಇಂಥವನ ಮಗ, ಅಂತ ಒಬ್ಬನೇ ತಂದೆ. ಅಣ್ಣ ತಮ್ಮ. ನಮ್ಮ ಕಡೆ ಮನೆದೇವರ ಹೆಸರನ್ನೇ ಎರಡು ಮಕ್ಕಳಿಗೂ ಇಟ್ಟು, ಒಬ್ಬನನ್ನು ದೊಡ್ಡ, ಇನ್ನೊಬ್ಬನನ್ನು ಸಣ್ಣ ಅಂತ ಕರೆಯುವುದು ಮಾಮೂಲು. ದೊಡ್ಡ, ಸಣ್ಣ ಅನ್ನುವುದನ್ನು ಕಾರಕೂನರು ಕೈಬಿಟ್ಟರೆ ಕಾಗದದ ಮೇಲೆ ಇಬ್ಬರೂ ಒಬ್ಬನೇ.

ಆ ಅಜ್ಜಂದಿರ ತಂಗಿ ಬದುಕಿದ್ದಳು. ಹೊಸಪೇಟೆ ಹತ್ತಿರದ ಹಳ್ಳಿಯಲ್ಲಿ, ತೊಂಬತ್ತು ದಾಟಿದ ಮುದುಕಿ. ಸೋದರಮಾವನ ಮಗನಿಗೇ ಕೊಟ್ಟಿದ್ದು. ಮೊದಲ ದಿನವೇ ಆಕೆಯ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ, ಯಾಕೆಂದರೆ ಮೊಮ್ಮಗ ‘ಆಕಿಗೆ ನೆನಪಿಲ್ಲ ಬಿಡ್ರಿ’ ಅಂದಿದ್ದ, ನಾನೂ ಕಾಗದ ಇದೆಯಲ್ಲ ಅಂತ ಸುಮ್ನಾಗಿದ್ದೆ. ಇಡೀ ಹುಡುಕಾಟದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಫೋಟೋ ಕೈಗೆ ಕೊಟ್ಟೆವು. ಕಣ್ಣಿನ ಹತ್ತಿರ ಹಿಡಿದು ಹೇಳಿದಳು: ‘ಇಂವ ನಮ್ಮ ದೊಡ್ಡಣ್ಣ. ಕುಷ್ಟಿಗ್ಯಾಗ ಪೊಲೀಸ ಇದ್ದ.’

‘ಮಿಲ್ಟ್ರಿ ಅಜ್ಜ ಇವನಲ್ಲೇನ ಅಮ್ಮಾ?’

‘ಮಿಲ್ಟ್ರಿಗಿ ಹೋಗಿದ್ದು ಸಣ್ಣಣ್ಣ. ಇಲ್ಲಿಂದನ ಹೋಗಿದ್ದ, ಇದ ಮನಿಯಿಂದ. ಮಾವನ ಕೂಡ ಜಗಳಾ ಆಡಿ ಹೋದ. ಬರೂವಾಗ ಬಸರಾ ಖರ್ಜೂರ ತಂದಿದ್ದ.’

ಹೊಸಪೇಟೆ ತಾಲ್ಲೂಕಿನ ವಿಳಾಸದ ಗುಟ್ಟು ಅಲ್ಲಿ ಬಿಚ್ಚಿತು. ಭರ್ತಿಯಾದಾಗ ಬರೆಸಿದ್ದು ಸೋದರಮಾವನ ಮನೆ. ನಿಜಾಮನ ಸೀಮೆಯ ಎಷ್ಟೋ ಹುಡುಗರು ಹೊಳೆ ದಾಟಿ ಬಂದು ನೆಂಟರ ಊರನ್ನೇ ತಮ್ಮ ಊರು ಅಂತ ಬರೆಸಿರುತ್ತಾರೆ. ಕೊಪ್ಪಳ, ರಾಯಚೂರಿನವರು ಹುಡುಕುವಾಗ ತಾಯಿಯ ತವರಿನ ತಾಲ್ಲೂಕನ್ನೂ ಹುಡುಕಿ. ಖರ್ಜೂರದ ಮಾತೂ ಸುಳ್ಳಿರಲಿಕ್ಕಿಲ್ಲ, ಬಸರಾ ಇರುವುದು ಇರಾಕಿನಲ್ಲಿ. ಮನೆಯಲ್ಲಿ ಅಜ್ಜ ಬರ್ಮಾದಲ್ಲಿ ಜಪಾನಿಯರ ಜೊತೆ ಹೊಡೆದಾಡಿದ ಅನ್ನುತ್ತಿದ್ದರು. ಆ ರಣರಂಗಕ್ಕೆ ಹೋದವರಿಗೆ ಬರ್ಮಾ ಸ್ಟಾರ್ ಅಂತ ಬೇರೆ ಪದಕ ಇರುತ್ತಿತ್ತು, ಇಲ್ಲಿ ಅದಿಲ್ಲ. ಇರಾಕ್ ಕಡೆ ರಸ್ತೆ, ಸೇತುವೆ ಕೆಲಸ ಮಾಡಿ ಬಂದಿದ್ದರೆ ಬರೀ ವಾರ್ ಮೆಡಲ್ ಇರುವುದು ಸರಿಹೋಗುತ್ತದೆ.

ದೊಡ್ಡಣ್ಣನಿಗೆ ಮಕ್ಕಳಿರಲಿಲ್ಲ. ಅವನು, ಅವನ ಹೆಂಡತಿ ಹೋದ ಮೇಲೆ ಅವನ ಫೋಟೋ, ಅವನ ಕಾಗದ ತಮ್ಮನ ಟ್ರಂಕಿಗೆ ಬಂದವು. ತಮ್ಮನ ಬಿಲ್ಲೆ ಅಲ್ಲೇ ಇತ್ತು. ತಮ್ಮನೂ 1979ರಲ್ಲಿ ತೀರಿಕೊಂಡ. ಟ್ರಂಕು ತೆಗೆದ ಮೊಮ್ಮಕ್ಕಳಿಗೆ ಕಂಡದ್ದು ಒಬ್ಬ ಸಮವಸ್ತ್ರದ ಮನುಷ್ಯ, ಒಂದು ಪದಕ, ಒಂದು ಸರ್ಕಾರಿ ಕಾಗದ. ಯಾರಾದರೂ ಅದನ್ನು ಒಬ್ಬನಿಗೇ ಸೇರಿಸುತ್ತಿದ್ದರು.

ಶಿಬಿರದ ಭಾಗ ಇನ್ನೂ ಉಳಿದಿತ್ತು. ಸಣ್ಣ ಅಜ್ಜ ನಿಜವಾಗಿಯೂ ಮುಂಡರಗಿಗೆ ಹೋಗಿದ್ದನಾ? ಗಡಿ ಶಿಬಿರಗಳಲ್ಲಿ ಸೈನ್ಯದ ಹಾಗೆ ಹಾಜರಿ ಪುಸ್ತಕ ಇಡುತ್ತಿರಲಿಲ್ಲ, ಪೊಲೀಸರ ಕೈಗೆ ಸಿಕ್ಕರೆ ಎಲ್ಲರ ಮನೆಗೂ ಬೆಂಕಿ. ಅಲ್ಲಿದ್ದವರ ಗುರುತು ಸಿಗುವುದು ಇತರರ ಕಾಗದದಲ್ಲಿ. ಕೇಂದ್ರ ಸರ್ಕಾರ 1972ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುಮಾಡಿತು. ಮುಂದೆ ಹೈದರಾಬಾದ್ ಗಡಿ ಶಿಬಿರದವರಿಗೂ ಅದು ಸಿಕ್ಕಿತು. ಅರ್ಜಿ ಜೊತೆ ಯಾರ ಜೊತೆಗಿದ್ದೆ, ಏನು ಮಾಡಿದೆ ಅಂತ ಬರೆದು, ಜೊತೆಗಿದ್ದವರ ಪ್ರಮಾಣಪತ್ರ ಇಡಬೇಕಿತ್ತು. ಹಾಗಾಗಿ ಅರ್ಜಿ ಹಾಕಿದವನ ಕಡತದಲ್ಲಿ ಅರ್ಜಿ ಹಾಕದವರೂ ಅವಿತಿರುತ್ತಾರೆ.

ಅದೇ ಊರಿನ ಇನ್ನೊಂದು ಮನೆಯವರು ತಮ್ಮ ಹಿರಿಯರ ಅರ್ಜಿಯ ನಕಲು ಇಟ್ಟಿದ್ದರು. ಮೊದಮೊದಲು ತೋರಿಸಲು ಹಿಂದೆಮುಂದೆ ನೋಡಿದರು, ತಮ್ಮ ಪಿಂಚಣಿಗೆ ಏನಾದರೂ ತೊಂದರೆ ಬರುತ್ತದೇನೋ ಅಂತ. ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಚಹಾ ಕುಡಿದು, ಮಳೆ ಮಾತಾಡಿ, ಎರಡನೇ ಸಲ ಹೋದಾಗ ತೋರಿಸಿದರು. ಟೈಪ್ ಮಾಡಿದ ನಾಲ್ಕು ಹಾಳೆ. ಕರೋಡಗಿರಿ ನಾಕಾ, ಅಂದರೆ ನಿಜಾಮನ ಸುಂಕದ ಕಟ್ಟೆ, ಅದರ ಮೇಲೆ ರಾತ್ರಿ ಬಿದ್ದದ್ದು. ಚಾವಡಿಯ ದಫ್ತರ ಸುಟ್ಟದ್ದು. ಮೂರನೇ ಹಾಳೆಯಲ್ಲಿ ಒಂದು ಸಾಲು: ನಮ್ಮೂರ ಸಣ್ಣ ಫಲಾನಾ ಎಂಬುವನು ಯುದ್ಧದಿಂದ ಬಂದವನಿದ್ದು, ನಮಗೆ ಡ್ರಿಲ್ ಮತ್ತು ಮದ್ದು ಕಟ್ಟುವುದನ್ನು ಕಲಿಸಿದನು. ಹೆಸರಿನ ಹಿಂದೆ ‘ಸಣ್ಣ’ ಅಂತ ಬರೆಯುವ ಬುದ್ಧಿ ಆ ಪುಣ್ಯಾತ್ಮನಿಗೆ ಇತ್ತು.

ಅಷ್ಟೇ. ಅವನು ಯಾರನ್ನು ಕೊಂದ, ಯಾವ ಠಾಣೆ ಸುಟ್ಟ ಅನ್ನುವ ಮನೆಯ ಕತೆಗಳಿಗೆ ಆಧಾರ ಏನೂ ಸಿಗಲಿಲ್ಲ. ನನ್ನ ಅಂದಾಜಿನಲ್ಲಿ ಅವು ಊರಿನ ಬೇರೆ ಬೇರೆ ಜನರ ಕತೆಗಳು, ನಿಧಾನಕ್ಕೆ ಬಂದು ಈ ಫೋಟೋದ ಮೀಸೆಗೆ ಅಂಟಿಕೊಂಡವು.

ಅಣ್ಣ ಆ ಕಡೆ, ತಮ್ಮ ಈ ಕಡೆ. ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಮುದುಕಿಯನ್ನು ಕೇಳಿದೆ. ದೊಡ್ಡ ಮಾತೇನೂ ಬರಲಿಲ್ಲ. ‘ಅವ್ವ ಇಬ್ರಿಗೂ ಗುರೆಳ್ಳು ಚಟ್ನಿ ಕಟ್ಟಿ ಕಳಸ್ತಿದ್ಳು. ಕುಷ್ಟಿಗಿಗಿ ಹೋಗಾಂವ ಬ್ಯಾರೆ, ಮುಂಡರಗಿಗಿ ಹೋಗಾಂವ ಬ್ಯಾರೆ. ಒಬ್ಬಂದು ಇನ್ನೊಬ್ಬಗ ಗೊತ್ತಾಗಬಾರದಂತ’ ಅಂದಳು. ಇಬ್ಬರಿಗೂ ಗೊತ್ತಿತ್ತಾ ಅಂದೆ. ‘ಊರಿಗೇ ಗೊತ್ತಿತ್ತು’ ಅಂದಳು.

ಸಣ್ಣ ಅಜ್ಜ ಪಿಂಚಣಿಗೆ ಅರ್ಜಿ ಹಾಕಲಿಲ್ಲ. ಹಾಕಿದ್ದರೆ ಎರಡು ಸಾಕ್ಷಿ ಊರಲ್ಲೇ ಸಿಗುತ್ತಿದ್ದರು. ಅಣ್ಣ ಯಾವ ನೌಕರಿಯಲ್ಲಿದ್ದ ಅನ್ನುವುದನ್ನು ಅಧಿಕಾರಿಗಳ ಮುಂದೆ ಎತ್ತುವುದು ಅವನಿಗೆ ಬೇಡವಾಗಿತ್ತು ಅಂತ ನನಗನಿಸುತ್ತದೆ. ಇದಕ್ಕೆ ನನ್ನ ಹತ್ತಿರ ಕಾಗದವಿಲ್ಲ. ಈಗ ಮೊಮ್ಮಕ್ಕಳಿಗೆ ಆ ಪಿಂಚಣಿ ಬರುವುದೂ ಇಲ್ಲ, ಅದನ್ನು ಮೊದಲೇ ಹೇಳಿದ್ದೆ.

ಕೊನೆಗೆ ಒಂದು ಅನುಮಾನ ನನ್ನನ್ನು ಕೊರೆಯುತ್ತಿತ್ತು. ಬಿಲ್ಲೆ ಸಣ್ಣ ಅಜ್ಜನದೇ ಅಂತ ಹೇಗೆ ಹೇಳುವುದು? ಲಾಂಗ್ ರೋಲಿನಲ್ಲಿ ತಂದೆಯ ಹೆಸರಿದೆ, ತವರೂರಿದೆ, ಸರಿ. ಆದರೆ ಅದೇ ಹೆಸರಿನ ಸಿಪಾಯಿಗಳು ಬಳ್ಳಾರಿ ಜಿಲ್ಲೆಯಲ್ಲಿ ಕಮ್ಮಿಯಿರಲಿಲ್ಲ. ಬಿಲ್ಲೆ ಸಂತೆಯಲ್ಲಿ ಕೊಂಡದ್ದೂ ಆಗಿರಬಹುದು, ಅಂಥದ್ದನ್ನೂ ನೋಡಿದ್ದೇನೆ.

ಅಣ್ಣತಮ್ಮಂದಿರು 1952ರಲ್ಲಿ ಬೇರೆಯಾದಾಗ ಮಾಡಿಕೊಂಡ ವಾಟ್ನಿ ಪತ್ರ ಮನೆಯಲ್ಲೇ ಇತ್ತು, ಆಸ್ತಿ ಕಾಗದಗಳ ಗಂಟಿನಲ್ಲಿ. ಅದು ಸೈನಿಕನ ದಾಖಲೆ ಅಲ್ಲ ಅಂತ ಮೊಮ್ಮಗ ತಂದಿರಲಿಲ್ಲ. ಹೊಲ ಅರ್ಧರ್ಧ, ಬಾವಿ ನೀರು ದಿನ ಬಿಟ್ಟು ದಿನ, ಎತ್ತು ತಮ್ಮನಿಗೆ, ಅದರ ಬದಲು ಅಣ್ಣನಿಗೆ ಇಷ್ಟು ರೂಪಾಯಿ ಹಾಲಿ ಸಿಕ್ಕಾ. ನಿಜಾಮ ಹೋಗಿ ನಾಲ್ಕು ವರ್ಷವಾದರೂ ಅವನ ರೂಪಾಯಿ ಚಲಾವಣೆಯಲ್ಲಿತ್ತು, ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಭಾರತದ ರೂಪಾಯಿ. ಕೆಳಗೆ ಮೂರು ಗುರುತು. ತಂಗಿಯ ಹೆಬ್ಬೆಟ್ಟು. ಅಣ್ಣನ ಸಹಿ ಉರ್ದುವಿನಲ್ಲಿ, ಠಾಣೆಯಲ್ಲಿ ಹನ್ನೊಂದು ವರ್ಷ ಬರೆದ ಕೈ, ಸರಾಗವಾಗಿದೆ. ತಮ್ಮನದು ಇಂಗ್ಲಿಷ್ ಅಕ್ಷರ, ಬಿಡಿಬಿಡಿ, ಒಂದೊಂದನ್ನೂ ಒತ್ತಿ ಬರೆದದ್ದು. ಆಗಿನ ಸೈನ್ಯದಲ್ಲಿ ಸಿಪಾಯಿಗಳಿಗೆ ಹಿಂದೂಸ್ತಾನಿಯನ್ನು ರೋಮನ್ ಅಕ್ಷರದಲ್ಲೇ ಕಲಿಸುತ್ತಿದ್ದರು. ಕನ್ನಡದಲ್ಲಿ ಸಹಿ ಮಾಡಲು ಇಬ್ಬರಿಗೂ ಯಾರೂ ಕಲಿಸಿರಲಿಲ್ಲ.

ತಮ್ಮನ ಸಹಿಯ ಮೊದಲ ಅಕ್ಷರ ‘ಎ’. ‘ಹ’ ಇಲ್ಲ. ಹಿಟ್ಟಿನ ಮೇಲೆ ಉಬ್ಬಿದ್ದ ಅದೇ ಹೆಸರು, ಅದೇ ತಪ್ಪು.

ಫೋಟೋದ ಕೆಳಗೆ ಈಗ ದೊಡ್ಡ ಅಜ್ಜನ ಹೆಸರು ಅಂಟಿಸಿದ್ದಾರೆ. ಸಣ್ಣ ಅಜ್ಜನ ಫೋಟೋ ಎಲ್ಲೂ ಇಲ್ಲ. ಮೊಮ್ಮಗ ವಾಟ್ನಿ ಪತ್ರದ ಸಹಿಯನ್ನು ತನ್ನ ಅಂಗಡಿಯಲ್ಲೇ ಎಂಟು ಪಟ್ಟು ಹಿಗ್ಗಿಸಿ, ಕಟ್ಟು ಹಾಕಿಸಿ, ಅಣ್ಣನ ಪಕ್ಕದಲ್ಲಿ ಮೊಳೆ ಹೊಡೆದಿದ್ದಾನೆ. ಮಹಾನವಮಿಗೆ ಹೋಗಿದ್ದೆ. ಎರಡಕ್ಕೂ ಹೂವು ಇತ್ತು. ಬಿಲ್ಲೆಯನ್ನು ತಿಕ್ಕಿರಲಿಲ್ಲ.